ಕುರ್ಚಿ ಹೊತ್ತ ನಾಯಕ

ಮೊನ್ನೆ ನನ್ನ ಕೈಚೀಲವನ್ನು ಹಾಸಿಗೆಯ ಮೇಲೆ ಕೊಡವಿದಾಗ ಹುಣಸೆಬೀಜದ ಗಾತ್ರದ ಒಂದು ಬಿಳಿ ವಸ್ತು ಉರುಳಿ ಬಿತ್ತು. ನಮ್ಮ ಯಜಮಾನರು ಅದನ್ನು ಎತ್ತಿ, ಕಿಟಕಿಯ ಬೆಳಕಿಗೆ ಹಿಡಿದು, ಇದು ಬಿ.ಪಿ.ಯದೋ ಶುಗರಿನದೋ ಎಂದು ಕೇಳಿದರು. ನುಂಗುವ ಮೊದಲು ಕೇಳಿದ್ದು ನನ್ನ ಪುಣ್ಯ. ಅದು ಮಾತ್ರೆಯಲ್ಲ, ಕಿವಿಗೆ ಸಿಕ್ಕಿಸಿಕೊಳ್ಳುವ ಇಯರ್‌ಬಡ್. ನನ್ನದೂ ಅಲ್ಲ, ಸ್ಟೆಲ್ಲಾಳದು. ಒಂದೇ ಇದೆಯಲ್ಲ, ಇನ್ನೊಂದೆಲ್ಲಿ ಎಂದರು. ಇನ್ನೊಂದು ಅವಳ ಕಿವಿಯಲ್ಲಿರುತ್ತದೆ ಎಂದೆ. ಐವತ್ತನಾಲ್ಕರ ಹೆಂಗಸು ಇಪ್ಪತ್ತಮೂರರ ಹುಡುಗಿಯ ಜೊತೆ ಒಂದೊಂದು ಕಿವಿ ಹಂಚಿಕೊಂಡು ಅಂಥದ್ದೇನು ಕೇಳುತ್ತಾಳೆ ಎಂಬ ಪ್ರಶ್ನೆ ಅವರ ಮುಖದಲ್ಲಿ ಮೂಡಿತು. ಬಾಯಿಗೆ ಬರಲಿಲ್ಲ. ಅವರು ಕೇಳದಿದ್ದರೂ ನಿಮಗೆ ಹೇಳಿಬಿಡುತ್ತೇನೆ. ಹೇಳದೆ ಇರುವುದು ನನ್ನ ಜಾಯಮಾನದಲ್ಲೇ ಇಲ್ಲ. ಆ ಜಾಯಮಾನದಿಂದಲೇ ಈ ಫಜೀತಿಯೆಲ್ಲ ಆದದ್ದು.

ನಾನು ಹೆಬ್ಬಾಳದ ಒಂದು ಸ್ವಿಚ್ಚಿನ ಕಾರ್ಖಾನೆಯಲ್ಲಿ ಚೆಕಿಂಗ್ ವಿಭಾಗದವಳು. ಸ್ವಿಚ್ಚುಗಳು ನನ್ನ ಮುಂದೆ ಬರುತ್ತವೆ, ನಾನು ಒಂದೊಂದನ್ನೂ ಟಕ್ ಟಕ್ ಎಂದು ಒತ್ತಿ ನೋಡಿ, ಸರಿಯಿದ್ದರೆ ಮುಂದಕ್ಕೆ, ಇಲ್ಲದಿದ್ದರೆ ಕೆಂಪು ಬುಟ್ಟಿಗೆ. ಇಪ್ಪತ್ತೆರಡು ವರ್ಷದಿಂದ ತಪ್ಪು ಹುಡುಕುವುದಕ್ಕೇ ನನಗೆ ಸಂಬಳ. ಈ ಕಸುಬು ಕಣ್ಣಿಗೆ ಅಂಟಿಕೊಂಡುಬಿಟ್ಟಿದೆ. ನೆಂಟರ ಮನೆಗೆ ಹೋದರೆ ಮೊದಲು ಕಾಣುವುದು ಗೋಡೆಯ ಬಿರುಕು, ಆಮೇಲೆ ನೆಂಟರು. ಬೆಳಗಿನ ಪಾಳಿಯವರನ್ನು ಕರೆದೊಯ್ಯುವ ಕಂಪನಿ ಬಸ್ಸು ನಜರ್‌ಬಾದಿನಲ್ಲಿ ನನ್ನನ್ನು ಹತ್ತಿಸಿಕೊಂಡು, ಚಾಮರಾಜಪುರಂ ಹಾಯ್ದು, ಒಂಟಿಕೊಪ್ಪಲಿನಲ್ಲಿ ಒಂದು ಗಳಿಗೆ ನಿಂತು ಹೆಬ್ಬಾಳ ಸೇರುವ ಹೊತ್ತಿಗೆ ಆಗಷ್ಟೇ ಬೆಳಕು ಹರಿದಿರುತ್ತದೆ. ಮೊದಲೆಲ್ಲ ಆ ಮುಕ್ಕಾಲು ಗಂಟೆ ನಾನು ಕಿಟಕಿಗೆ ತಲೆ ಕೊಟ್ಟು ನಿದ್ದೆ ಮಾಡುತ್ತಿದ್ದೆ. ಸ್ಟೆಲ್ಲಾ ಬಂದು ಪಕ್ಕದಲ್ಲಿ ಕೂರುವುದಕ್ಕೆ ಶುರು ಮಾಡಿದ ಮೇಲೆ ನಿದ್ದೆ ಹೋಯಿತು.

ಸ್ಟೆಲ್ಲಾ ನಮ್ಮ ವಿಭಾಗಕ್ಕೆ ಹೊಸದಾಗಿ ಸೇರಿದವಳು. ಭಾನುವಾರ ಚರ್ಚಿನಲ್ಲಿ ಹಾಡುತ್ತಾಳೆ, ಉಳಿದ ಆರು ದಿನ ಅನಿಮೆ ನೋಡುತ್ತಾಳೆ. ಅನಿಮೆ ಎಂದರೆ ಜಪಾನಿನವರು ಚಿತ್ರ ಬರೆದು ಮಾಡುವ ಸೀರಿಯಲ್ ಎಂದು ಅವಳೇ ತಿಳಿಸಿದಳು. ನಮ್ಮ ಬಸ್ಸಿನವರು ಅದಕ್ಕೆ ಗೊಂಬೆ ಸೀರಿಯಲ್ ಎಂದು ನಾಮಕರಣ ಮಾಡಿದರು. ಒಂದು ದಿನ ಸುಮ್ಮನೆ ಅವಳ ಫೋನಿನಲ್ಲಿ ಇಣುಕಿದ್ದು ನಾನು. ಮಾರನೆಯ ದಿನ ಹಿಂದಿನ ಸೀಟಿನಿಂದ ಎರಡು ತಲೆ, ಅದರ ಮಾರನೆಯ ದಿನ ಪಕ್ಕದ ಸಾಲಿನಿಂದ ಮೂರು. ಕೆಳಗೆ ಬರುವ ಇಂಗ್ಲಿಷ್ ಸಾಲುಗಳನ್ನು ಸ್ಟೆಲ್ಲಾ ಕನ್ನಡಕ್ಕೆ ತಿರುಗಿಸಿ ಎಲ್ಲರಿಗೂ ಕೇಳುವ ಹಾಗೆ ಓದುತ್ತಿದ್ದಳು. ಒಂದು ಇಯರ್‌ಬಡ್ ಮಾತ್ರ ಹಿರಿತನದ ಮರ್ಯಾದೆಗೆ ನನ್ನ ಕಿವಿಗೆ ಬಂತು. ಜಪಾನಿ ಭಾಷೆ ನನಗೆ ಒಂದಕ್ಷರ ಅರ್ಥವಾಗುವುದಿಲ್ಲ. ಆದರೂ ಕಿವಿಯಲ್ಲಿ ಅದು ಕೇಳುತ್ತಿದ್ದರೆ ಒಂದು ಗತ್ತು ಇರುತ್ತದೆ.

ಕಥೆ ಬಹಳ ಚೆನ್ನಾಗಿ ಶುರುವಾಯಿತು. ತಾತನ ಅಂಗಡಿಯಲ್ಲಿ ಕೂತು ಗಡಿಯಾರ ರಿಪೇರಿ ಮಾಡುವ ಒಬ್ಬಳು ಹುಡುಗಿ. ಅವಳದೇ ತರಗತಿಯ ಹುಡುಗನೊಬ್ಬ ವಾರಕ್ಕೊಮ್ಮೆ ಕೆಟ್ಟ ಕೈಗಡಿಯಾರ ಹಿಡಿದು ಬರುತ್ತಾನೆ. ಅದನ್ನು ಅವನೇ ಕೆಡಿಸಿಕೊಂಡು ಬರುತ್ತಾನೆ ಎಂದು ಅವಳಿಗೆ ಗೊತ್ತು. ಗೊತ್ತಿದ್ದೂ ತುಟಿಪಿಟಕ್ಕೆನ್ನದೆ ರಿಪೇರಿ ಮಾಡಿ ಕೊಡುತ್ತಾಳೆ. ನಾಲ್ಕನೆಯ ಕಂತಿನಲ್ಲಿ ಅವನು ತಂದ ಗಡಿಯಾರ ಸರಿಯಾಗಿಯೇ ಓಡುತ್ತಿದೆ. ಮತ್ತೆ ಯಾಕೆ ಬಂದೆ ಎಂದು ಅವಳು ಕೇಳುತ್ತಾಳೆ. ಅವನು ಬಾಯಿ ತೆರೆಯುತ್ತಾನೆ, ಅಷ್ಟರಲ್ಲಿ ಕಂತು ಮುಗಿಯುತ್ತದೆ. ಆ ದಿನ ನಾನು ಸರಿಯಾದ ಆರು ಸ್ವಿಚ್ಚುಗಳನ್ನು ಕೆಂಪು ಬುಟ್ಟಿಗೆ ಹಾಕಿದೆ.

ಐದನೆಯ ಕಂತಿನಲ್ಲಿ ಅವನು ಬಾಯಿ ಮುಚ್ಚಲೂ ಇಲ್ಲ, ಮಾತಾಡಲೂ ಇಲ್ಲ. ಕಥೆ ಆ ತರಗತಿಯ ಲೀಡರ್ ಹುಡುಗಿಯ ಮನೆಗೆ ಹೋಗಿಬಿಟ್ಟಿತು. ಅವಳಿಗೊಂದು ಪ್ರೇಮ. ಸರಿ, ಒಂದು ದಿನ ತಾನೇ ಎಂದು ತಡೆದುಕೊಂಡೆ. ಆರರಲ್ಲಿ ಆ ಲೀಡರಿನ ಗೆಳತಿಗೆ ಪ್ರೇಮ. ಏಳರಲ್ಲಿ ಗಣಿತದ ಮೇಷ್ಟರಿಗೆ. ಎಂಟರಲ್ಲಿ ಶಾಲೆಯ ವಾರ್ಷಿಕೋತ್ಸವ, ಯಾರು ಯಾರೋ ಹಾಡಿದರು, ಯಾರು ಯಾರೋ ಅತ್ತರು. ನಮ್ಮ ಹುಡುಗ ಹುಡುಗಿ ಎಲ್ಲಿ ಎಂದು ನೋಡಿದರೆ, ವೇದಿಕೆಯ ಹಿಂದೆ ಪ್ಲಾಸ್ಟಿಕ್ ಕುರ್ಚಿ ಹೊತ್ತುಕೊಂಡು ಹೋಗುತ್ತಿದ್ದಾರೆ. ನಾಲ್ಕು ಸೆಕೆಂಡು. ಅವನ ಕೈಯಲ್ಲಿ ಮೂರು, ಅವಳ ಕೈಯಲ್ಲಿ ಎರಡು. ಯಾರ ಹೆಸರಿನಲ್ಲಿ ಸೀರಿಯಲ್ ಶುರುವಾಯಿತೋ ಅವರ ಕೈಯಲ್ಲೇ ಕುರ್ಚಿ ಹೊರಿಸುವ ಜನ ಎಂಥವರಿರಬೇಕು? ಮುಂದೆ ಬರ್ತಾರೆ ಆಂಟಿ, ತಾಳ್ಮೆ ಇರಲಿ ಎಂದು ಸ್ಟೆಲ್ಲಾ ಸಮಾಧಾನ ಹೇಳಿದಳು. ತಾಳ್ಮೆ ಎಂಬ ಸಾಮಾನು ನನ್ನ ಅಂಗಡಿಯಲ್ಲಿ ಯಾವತ್ತೂ ಇದ್ದದ್ದಲ್ಲ.

ನ್ಯಾಯವಾಗಿ ಹೇಳಬೇಕೆಂದರೆ ಆ ಜಪಾನಿನವರನ್ನು ಬೈಯುವ ಯೋಗ್ಯತೆ ನನಗಿಲ್ಲ. ನಜರ್‌ಬಾದಿನ ನಮ್ಮ ವಠಾರದಲ್ಲಿ ದಸರೆಗೆ ಎಲ್ಲರ ಮನೆಯಲ್ಲೂ ಗೊಂಬೆ ಕೂರಿಸುತ್ತಿದ್ದರು. ಮೇಲಿನ ಮೆಟ್ಟಿಲಿನಲ್ಲಿ ರಾಜ ರಾಣಿಯ ಪಟ್ಟದ ಗೊಂಬೆ, ಕೆಳಗೆ ಚೆಟ್ಟಿಯಾರ್ ದಂಪತಿ, ಅವರ ಅಂಗಡಿ, ಅದಕ್ಕೂ ಕೆಳಗೆ ರಾಗಿ ಪೈರು ಬೆಳೆಸಿ ಮಾಡಿದ ಉದ್ಯಾನ. ನನಗೆ ಆಗ ಒಂಬತ್ತು ವರ್ಷ. ನಮ್ಮ ಮಾವ ತಂದುಕೊಟ್ಟ ತಗಡಿನ ರೈಲು ಎಲ್ಲರಿಗೂ ಕಾಣಬೇಕಾದರೆ ಮೇಲಿನ ಮೆಟ್ಟಿಲೇ ಬೇಕು ಎಂದು ತೀರ್ಮಾನಿಸಿ, ಪಟ್ಟದ ಗೊಂಬೆಗಳನ್ನು ಎತ್ತಿ ಚೆಟ್ಟಿಯಾರ್ ಅಂಗಡಿಯ ಹಿಂದೆ ಇಟ್ಟೆ. ಆರತಿಗೆ ಬಂದ ಹೆಂಗಸರು ರೈಲಿಗೇ ಅಕ್ಷತೆ ಹಾಕಿದರು. ಯಾರಿಗೂ ಅನುಮಾನ ಬರಲಿಲ್ಲ. ಮೂರನೆಯ ದಿನ ಅಮ್ಮ ಕಂಡುಹಿಡಿದು ಕೊಟ್ಟ ಏಟಿಗಿಂತ, ಮೂರು ದಿನ ಯಾರೂ ಕಂಡುಹಿಡಿಯಲಿಲ್ಲವಲ್ಲ ಎಂಬುದೇ ನನಗೆ ಈಗ ದೊಡ್ಡದಾಗಿ ಕಾಣುತ್ತದೆ. ಆಗ ನನಗೆ ಹೆಮ್ಮೆಯಾಗಿತ್ತು.

ಪಟ್ಟದ ಗೊಂಬೆಗಳ ಶಾಪವೇ ಇರಬೇಕು, ನನ್ನ ಮದುವೆಯ ದಿನ ನನ್ನನ್ನು ಛತ್ರದಲ್ಲಿ ಬಿಟ್ಟುಹೋದರು. ಸುಳ್ಳಲ್ಲ. ನಂಜನಗೂಡಿನ ಹತ್ತಿರದ ಒಂದು ಛತ್ರ. ಎಲ್ಲ ಮುಗಿದ ಮೇಲೆ ನಮ್ಮ ಕಡೆಯವರು ಬಸ್ಸು ಹತ್ತಿದರು, ಅವರ ಕಡೆಯವರು ವ್ಯಾನು ಹತ್ತಿದರು. ಹುಡುಗ ಹುಡುಗಿ ವ್ಯಾನಿನಲ್ಲಿದ್ದಾರೆ ಎಂದು ಬಸ್ಸಿನವರು ತಿಳಿದರು, ಬಸ್ಸಿನಲ್ಲಿದ್ದಾರೆ ಎಂದು ವ್ಯಾನಿನವರು ತಿಳಿದರು. ಪಾತ್ರೆ, ಜಮಖಾನ, ಉಳಿದ ಬೂಂದಿಯ ಡಬ್ಬ ಎಲ್ಲವನ್ನೂ ಎಣಿಸಿ ತುಂಬಿಕೊಂಡು ಹೋದರು. ನಾವಿಬ್ಬರು ಹಿತ್ತಲಿನ ನಲ್ಲಿಯಲ್ಲಿ ಕಾಲು ತೊಳೆದುಕೊಂಡು ಬರುವಷ್ಟರಲ್ಲಿ ಛತ್ರ ಭಣಭಣ. ಬೀಗ ಹಾಕಲು ಬಂದ ಕಾವಲುಗಾರ, ಕೊರಳಿನಲ್ಲಿ ಹಾರ, ಹಣೆಯಲ್ಲಿ ಬಾಸಿಂಗದ ಗುರುತು ಇರುವ ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿ, ನೀವು ಯಾರ ಕಡೆಯವರು ಎಂದು ಕೇಳಿದ. ಎರಡು ಗಂಟೆ ಕಳೆದ ಮೇಲೆ, ಆ ರೈಲು ತಂದುಕೊಟ್ಟಿದ್ದ ಮಾವ ವಾಪಸು ಬಂದರು. ನಮಗಾಗಿ ಬಂದದ್ದಲ್ಲ, ಬಾಡಿಗೆಗೆ ತಂದಿದ್ದ ಹಂಡೆ ಮರೆತುಹೋಗಿತ್ತು. ಹಂಡೆಯ ಪಕ್ಕದಲ್ಲಿ ಕೂತಿದ್ದ ನಮ್ಮನ್ನು ಕಂಡು, ಅಯ್ಯೋ ನೀವೂ ಇಲ್ಲೇ ಇದ್ದೀರಾ ಎಂದರು. ಆ ಎರಡು ಗಂಟೆಯಲ್ಲಿ ನಾವಿಬ್ಬರೂ ಮೊದಲ ಬಾರಿಗೆ ಮಾತಾಡಿಕೊಂಡಿದ್ದೆವು ಎನ್ನುವುದು ಬೇರೆ ಮಾತು.

ಮದುವೆ ಎಂದ ಮೇಲೆ ನೆನಪಾಯಿತು, ನಮ್ಮ ಬಸ್ಸಿನಲ್ಲೂ ಒಂದು ಮದುವೆಯ ಓಡಾಟ ನಡೆದಿತ್ತು. ಚಾಮರಾಜಪುರಂನಲ್ಲಿ ಹತ್ತುವ ರೂಪಾ ಪ್ಯಾಕಿಂಗ್ ವಿಭಾಗದವಳು. ಒಂಟಿಕೊಪ್ಪಲಿನಲ್ಲಿ ಹತ್ತುವ ಶಿವು ಸ್ಟೋರ್ಸಿನವನು. ಎರಡು ವರ್ಷ ಇಬ್ಬರೂ ಒಬ್ಬರನ್ನೊಬ್ಬರು ನೋಡದ ಹಾಗೆ ನೋಡುತ್ತಿದ್ದುದನ್ನು ಮೊದಲು ಪತ್ತೆ ಮಾಡಿದವಳು ನಾನು. ಎರಡೂ ಮನೆ ಹತ್ತಿ ಇಳಿದು, ಎರಡೂ ಕಡೆಯ ಕಾಫಿ ಕುಡಿದು, ಸಂಬಂಧ ಕುದುರಿಸಿದವಳೂ ನಾನೇ. ಎರಡೂ ಬೌದ್ಧರ ಮನೆ, ಮದುವೆ ಬುದ್ಧವಿಹಾರದಲ್ಲಿ ಸರಳವಾಗಿ ಎಂದು ನಿಶ್ಚಯವಾಗಿತ್ತು. ಆ ಸರಳತೆಯನ್ನು ನಮ್ಮ ಬಸ್ಸು ಒಪ್ಪಲಿಲ್ಲ. ಹೆಂಗಸರೆಲ್ಲ ಒಂದೇ ಬಣ್ಣದ ಸೀರೆ ಉಡಬೇಕೆಂದು ತೀರ್ಮಾನವಾಯಿತು. ಮುಂದಿನ ಸೀಟಿನವರು ನವಿಲು ಬಣ್ಣ ಎಂದರು, ಹಿಂದಿನ ಸೀಟಿನವರು ಅರಿಶಿನ ಎಂದರು. ಯಾರು ಯಾವ ಕಿಟಕಿಯ ಪಕ್ಕ ಕೂತು ಮದುವೆಗೆ ಹೋಗುವುದು ಎಂಬುದಕ್ಕೂ ಜಗಳವಾಯಿತು. ಗೊಂಬೆ ಸೀರಿಯಲ್ ಮುಗಿದರೆ ಸೀರೆ, ಸೀರೆ ಮುಗಿದರೆ ಗೊಂಬೆ ಸೀರಿಯಲ್. ರೂಪಾ ಕಿಟಕಿಯ ಪಕ್ಕ ಕೂತು ಹೊರಗೆ ನೋಡುತ್ತಿರುತ್ತಿದ್ದಳು. ಮದುವೆಯ ಹೆಣ್ಣು, ನಾಚಿಕೆ ಎಂದುಕೊಂಡೆವು.

ಒಂಬತ್ತನೆಯ ಕಂತು ಬಂತು. ಆ ತರಗತಿಯವರೆಲ್ಲ ಬಸ್ಸು ಮಾಡಿಕೊಂಡು ಸಮುದ್ರ ನೋಡಲು ಹೊರಟಿದ್ದಾರೆ. ಲೀಡರ್ ಇದ್ದಾಳೆ, ಗೆಳತಿ ಇದ್ದಾಳೆ, ಗಣಿತದ ಮೇಷ್ಟರು ಹಾಡು ಬೇರೆ ಹೇಳುತ್ತಿದ್ದಾರೆ. ಗಡಿಯಾರದ ಹುಡುಗಿ ಹಿಂದಿನ ಸೀಟಿನಲ್ಲಿ ಒಬ್ಬಳೇ. ಹುಡುಗ ಇಲ್ಲವೇ ಇಲ್ಲ. ಕುರ್ಚಿ ಹೊರುವುದಕ್ಕೂ ಇಲ್ಲ. ನಾನು ಸೀಟಿನಿಂದ ಎದ್ದು ನಿಂತೆ. ಅಷ್ಟು ಹೊತ್ತಿಗೆ ನಮ್ಮ ಬಸ್ಸು ಒಂಟಿಕೊಪ್ಪಲಿನಲ್ಲಿ ನಿಂತು, ಬಾಗಿಲು ತೆರೆದು, ಮುಚ್ಚಿಕೊಂಡು ಹೊರಟಿತು.

"ಏನ್ ಜನ ಕಣ್ರೀ ಇವ್ರು. ಒಬ್ಬ ಹುಡ್ಗ ಬಸ್ಸಲ್ಲಿಲ್ಲ, ಎಲ್ಲೋದ ಅಂತ ಒಬ್ರಾದ್ರೂ ಕೇಳ್ಬಾರ್ದಾ."

ಎಲ್ಲರೂ ಹೌದು ಹೌದು ಎಂದರು. ಆಗ ಕಿಟಕಿಯ ಪಕ್ಕದಿಂದ ರೂಪಾ ತಿರುಗಿದಳು. ದನಿ ಏರಿಸಲಿಲ್ಲ.

"ಶಿವು ಈ ಬಸ್ ಹತ್ತಿ ಹದಿಮೂರು ದಿನ ಆಯ್ತು, ಗಿರಿಜಕ್ಕ. ನೀವೂ ಕೇಳ್ಲಿಲ್ಲ."

ಹದಿಮೂರು ದಿನ. ಒಂಟಿಕೊಪ್ಪಲಿನಲ್ಲಿ ಹತ್ತುವವನು ಅವನೊಬ್ಬನೇ. ಹದಿಮೂರು ದಿನವೂ ಅಲ್ಲಿ ಬಸ್ಸು ನಿಂತಿದೆ, ಬಾಗಿಲು ತೆರೆದಿದೆ, ಯಾರೂ ಹತ್ತಿಲ್ಲ, ಬಾಗಿಲು ಮುಚ್ಚಿದೆ. ನಲವತ್ತು ಜನ ಕೂತಿದ್ದೇವೆ. ಅವನ ಮದುವೆಗೆ ಉಡುವ ಸೀರೆಯ ಬಣ್ಣಕ್ಕೆ ಹೊಡೆದಾಡುತ್ತಿದ್ದೇವೆ. ಅವನ ಸೀಟಿನ ಮೇಲೆ ಯಾರೋ ಟಿಫಿನ್ ಚೀಲ ಇಟ್ಟಿದ್ದರು. ಆ ಚೀಲ ನನ್ನದೇ ಎಂದು ನೋಡಿದಾಗ ಗೊತ್ತಾಯಿತು. ಸ್ಟೆಲ್ಲಾ ಫೋನು ಆರಿಸಿದಳು.

ಹೋಗಿ ರೂಪಾಳ ಪಕ್ಕ ಕೂತೆ. ಅವಳು ಕಣ್ಣೀರು ಹಾಕಲಿಲ್ಲ, ಅದೇ ನನಗೆ ಹೆದರಿಕೆಯಾದದ್ದು. ಮಧ್ಯಾಹ್ನದ ಪಾಳಿಗೆ ಬದಲಾಯಿಸಿಕೊಂಡಿದ್ದಾನೆ, ಫೋನು ಎತ್ತುತ್ತಿಲ್ಲ, ತಾನೂ ಈಗ ಮಾಡುವುದು ಬಿಟ್ಟಿದ್ದೇನೆ ಎಂದಳು. ತಿಂಗಳ ಹಿಂದೆ ಅವಳನ್ನು, ಪ್ಯಾಕಿಂಗ್ ಸಾಲಿನ ಉಸ್ತುವಾರಿ ಕೊಡುವ ಲೈನ್ ಲೀಡರ್ ತರಬೇತಿಗೆ ಆರಿಸಿದ್ದರು. ಅದು ಸಿಗಬೇಕೆಂದು ಎರಡು ವರ್ಷ ಒದ್ದಾಡಿದ್ದಳು. ಆದರೆ ಮದುವೆಯಾದ ಮೇಲೆ ಕೆಲಸ ಬಿಡಬೇಕಂತಲ್ಲ, ಇನ್ನೆಲ್ಲಿಯ ಲೀಡರ್ ಎಂದು ಮುಖ ತಿರುಗಿಸಿದಳು. "ಕೆಲ್ಸ ಬಿಡು ಅಂತ ಅವ್ರಮ್ಮನ ಕೈಲಿ ಹೇಳಿ ಕಳ್ಸಿದ್ರು. ನನ್ ಹತ್ರ ಒಂದ್ ಮಾತು ಕೇಳಕ್ಕೆ ಬಾಯಿ ಇರ್ಲಿಲ್ವಾ ಅಕ್ಕ ಅವ್ರಿಗೆ?"

ಆ ಮಾತು ಹೇಳಿ ಕಳಿಸಿದವರು ಯಾರೂ ಇಲ್ಲ. ಹೇಳಿದವಳು ನಾನು.

ನಡೆದದ್ದು ಇಷ್ಟು. ಶಿವುವಿನ ಮನೆಯಲ್ಲಿ ಮೊದಲ ಮಾತುಕತೆಯ ದಿನ ಅವನ ಅಮ್ಮ, ಮದುವೆಯಾದ ಮೇಲೂ ಹುಡುಗಿ ಕೆಲಸಕ್ಕೆ ಹೋಗುತ್ತಾಳಾ ಎಂದು ಕೇಳಿದರು. ಗಂಡಿನ ತಾಯಿ ಹಾಗೆ ಕೇಳಿದರೆ ಏನರ್ಥ ಎಂದು ನನಗೆ ಗೊತ್ತಿಲ್ಲವೇ? ಬಾಯಿತುಂಬ ಕೋಡುಬಳೆ ಇಟ್ಟುಕೊಂಡು, ಅಯ್ಯೋ ಬುಡಿ, ಅವಳಿಗೂ ಸಾಕಾಗಿದೆ, ಬುಟ್ಬುಡ್ತಾಳೆ ಎಂದೆ. ಆಮೇಲೆ ಚಾಮರಾಜಪುರಕ್ಕೆ ಬಂದು, ಶಿವು ಅಮ್ಮನಿಗೆ ನೀನು ಕೆಲಸ ಬಿಡಬೇಕಂತೆ ಕಣಮ್ಮ, ಹೊಂದಿಕೊಂಡು ಹೋಗಬೇಕು ಎಂದು ರೂಪಾಳಿಗೆ ಹೇಳಿದೆ. ಸಂಬಂಧ ಕುದುರಿಸುವವರು ಮಾಡುವುದೇ ಇದು. ಅತ್ತಲಿನವರಿಗೆ ಇತ್ತಲಿನವರ ಆಸೆ ಎನ್ನುವುದು, ಇತ್ತಲಿನವರಿಗೆ ಅತ್ತಲಿನವರ ಆಸೆ ಎನ್ನುವುದು, ನಡುವೆ ಕಾಫಿ ಕುಡಿಯುವುದು. ಆಮೇಲೆ ತಿಳಿದ ಹಾಗೆ, ರೂಪಾ ಲೀಡರ್ ಆಗುತ್ತೇನೆಂದು ತನ್ನ ಹತ್ತಿರ ಹೇಳಿ, ಕೆಲಸ ಬಿಡುತ್ತೇನೆಂದು ಅಮ್ಮನಿಗೆ ಹೇಳಿಸಿದ್ದಾಳೆ ಎಂದು ಶಿವು ನೊಂದುಕೊಂಡಿದ್ದ. ಕೆಲಸ ಬಿಡಿಸಲು ಅಮ್ಮನನ್ನು ಮುಂದೆ ಬಿಟ್ಟಿದ್ದಾನೆ ಎಂದು ರೂಪಾ ನೊಂದುಕೊಂಡಿದ್ದಳು. ನಾನು ನವಿಲು ಬಣ್ಣದ ಪರವಾಗಿ ವಾದ ಮಾಡುತ್ತಿದ್ದೆ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಆ ದಿನ ನನ್ನ ಕೆಂಪು ಬುಟ್ಟಿಗೆ ಒಂದೇ ಒಂದು ಸ್ವಿಚ್ಚೂ ಬೀಳಲಿಲ್ಲ. ಸೂಪರ್‌ವೈಸರ್ ಬಂದು, ಏನು ಗಿರಿಜಮ್ಮ, ಇವತ್ತು ಎಲ್ಲವೂ ಸರಿಯಿದೆಯಾ ಎಂದು ಅನುಮಾನದಿಂದ ಕೇಳಿದರು. ಹತ್ತು ಗಂಟೆಯ ತಿಂಡಿಯ ಬಿಡುವಿನಲ್ಲಿ ಕ್ಯಾಂಟೀನಿನ ಕೊನೆಯ ಬೆಂಚಿನಲ್ಲಿ ರೂಪಾಳ ಎದುರು ಕೂತು ಎಲ್ಲವನ್ನೂ ಹೇಳಿದೆ. ಕೋಡುಬಳೆಯನ್ನೂ ಬಿಡಲಿಲ್ಲ. ಅವಳು ಬೈಯುತ್ತಾಳೆಂದು ಕಾದೆ. ಅವಳು ಡಬ್ಬಿ ಮುಚ್ಚಿ, ಎದ್ದು ಹೋಗಿ, ಕೈ ತೊಳೆದು, ಸೆರಗಿನಲ್ಲಿ ಒರೆಸಿಕೊಂಡು, ಎರಡು ಗಂಟೆಗೆ ಗೇಟಿನ ಹತ್ತಿರ ಬನ್ನಿ ಎಂದಷ್ಟೇ ಹೇಳಿದಳು.

ಎರಡು ಗಂಟೆಗೆ ನಮ್ಮ ಪಾಳಿ ಹೊರಗೆ ಬರುತ್ತದೆ, ಮಧ್ಯಾಹ್ನದ ಪಾಳಿ ಒಳಗೆ ಹೋಗುತ್ತದೆ. ಗೇಟಿನ ಮುಂದೆ ಹತ್ತು ನಿಮಿಷ ಸಂತೆ. ಶಿವು ತನ್ನ ಬಸ್ಸಿನಿಂದ ಇಳಿದು ನಮ್ಮನ್ನು ಕಂಡವನೇ ನಿಂತುಬಿಟ್ಟ. ಸೊರಗಿಹೋಗಿದ್ದ, ಕುತ್ತಿಗೆಯ ಎಲುಬು ಕಾಣುತ್ತಿತ್ತು. ನಾನು ಬೆಳಗ್ಗಿನಿಂದ ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡಿದ್ದೆ. ನನ್ನ ತಪ್ಪು, ನನ್ನ ಉದ್ದೇಶ, ನನ್ನ ಹಿರಿತನ, ಅವರ ವಯಸ್ಸು, ಎಲ್ಲ ಅದರಲ್ಲಿತ್ತು. ನೋಡಪ್ಪ ಶಿವು ಎಂದು ಶುರು ಮಾಡಿದೆ. ರೂಪಾ ನನ್ನ ತೋಳಿನ ಮೇಲೆ ಕೈಯಿಟ್ಟಳು.

"ಅಕ್ಕ, ನೀವು ಹೋಗಿ ಬಸ್ಸಲ್ಲಿ ಕೂತ್ಕೊಳಿ."

ನನ್ನ ಐವತ್ತನಾಲ್ಕು ವರ್ಷದಲ್ಲಿ ಯಾರೂ ನನಗೆ ಹಾಗೆ ಹೇಳಿರಲಿಲ್ಲ. ಹೋಗಿ ಕೂತೆ. ಕಿಟಕಿಯಿಂದ ಎಲ್ಲ ಕಾಣುತ್ತಿತ್ತು, ಒಂದಕ್ಷರವೂ ಕೇಳುತ್ತಿರಲಿಲ್ಲ. ಅವಳು ಮಾತಾಡಿದಳು. ಅವನು ತಲೆಯ ಮೇಲೆ ಕೈಯಿಟ್ಟುಕೊಂಡ. ಆಮೇಲೆ ಅವನು ಏನೋ ಹೇಳಿದ, ಬಹಳ ಹೊತ್ತು ಹೇಳಿದ, ಅಷ್ಟು ಮಾತು ಆ ಹುಡುಗನ ಹತ್ತಿರ ಇದೆಯೆಂದೇ ನನಗೆ ಗೊತ್ತಿರಲಿಲ್ಲ. ಇಬ್ಬರೂ ಒಟ್ಟಿಗೆ ಬಸ್ಸಿನ ಕಡೆ ತಿರುಗಿದಾಗ ನಾನು ಚಪ್ಪಲಿ ಹುಡುಕುವವಳ ಹಾಗೆ ಬಗ್ಗಿಬಿಟ್ಟೆ. ರೂಪಾ ಬಸ್ಸು ಹತ್ತಿದಾಗ ಮುಖ ಕೆಂಪಾಗಿತ್ತು. ಅವಳು ನೇರ ನನ್ನ ಸೀಟಿನ ಹತ್ತಿರ ಬಂದು, ಕೆಲಸ ಬಿಡುವುದಿಲ್ಲ, ಮದುವೆ ನಿಲ್ಲುವುದಿಲ್ಲ, ಭಾನುವಾರ ಅವರಮ್ಮನಿಗೆ ನಾವಿಬ್ಬರೇ ಕೂತು ಹೇಳುತ್ತೇವೆ, ನೀವು ಬರುವುದು ಬೇಡ ಎಂದಳು. ತಪ್ಪು ನನ್ನದಲ್ಲವೇನಮ್ಮ, ನಾನು ಬಂದು ಬಿಡಿಸಿ ಹೇಳುತ್ತೇನೆ ಎಂದೆ. ವಿಹಾರದಲ್ಲಿ ಮದುವೆಯ ಪ್ರತಿಜ್ಞೆ ನಾವೇ ಬಾಯಿಬಿಟ್ಟು ಹೇಳಬೇಕಲ್ಲ ಅಕ್ಕ, ಈಗಲೇ ರೂಢಿಯಾಗಲಿ ಎಂದು ಹೋಗಿ ತನ್ನ ಸೀಟಿನಲ್ಲಿ ಕೂತಳು. ನನಗೆ ಅವಮಾನವೂ ಆಯಿತು, ಖುಷಿಯೂ ಆಯಿತು. ಯಾವುದು ಎಷ್ಟು ಎಂದು ಹೇಳಲಾರೆ.

ಆ ಭಾನುವಾರ ನಾನು ಮನೆಯಲ್ಲಿ ಕೂತದ್ದು ಹೇಗೆಂದು ನಮ್ಮ ಯಜಮಾನರನ್ನು ಕೇಳಬೇಕು. ಮೂರು ಸಲ ಅನ್ನಕ್ಕೆ ಇಟ್ಟೆನಂತೆ. ಹನ್ನೊಂದೂವರೆಗೆ ಫೋನು ಬಂತು. ಶಿವುವಿನ ಅಮ್ಮ. ನೀವು ಆವತ್ತು ಹುಡುಗಿ ಕೆಲಸ ಬಿಡುತ್ತಾಳೆ ಎಂದಿರಿ, ಈ ಹುಡುಗಿ ಇಲ್ಲಿ ಕೂತು ಬಿಡುವುದಿಲ್ಲ ಎನ್ನುತ್ತಿದ್ದಾಳೆ, ಯಾವುದು ನಿಜ ಎಂದು ಕೇಳಿದರು. ದನಿ ಗಡುಸಾಗಿತ್ತು. ಹಳೆಯ ಅಭ್ಯಾಸ ನೋಡಿ, ಎರಡೂ ಕಡೆಗೆ ಹೊಂದುವ ಒಂದು ಮಾತು ನಾಲಿಗೆಯ ತುದಿಗೆ ಬಂದೇಬಿಟ್ಟಿತು. ನುಂಗಿಕೊಂಡೆ.

"ಅವ್ಳು ಹೇಳಿದ್ದೇ ನಿಜ ಕಣ್ರೀ. ಅವತ್ತು ನಾನು ಹೇಳಿದ್ದು ಸುಳ್ಳು. ಅವಳನ್ನ ಕೇಳ್ದೆ ಹೇಳಿದ್ದು."

ನಾನು ಎರಡು ವರ್ಷದ ಆ ನೋಟಗಳು, ರೂಪಾಳ ತರಬೇತಿ, ಶಿವುವಿನ ಕುತ್ತಿಗೆಯ ಎಲುಬು ಎಲ್ಲವನ್ನೂ ನೆನೆಸಿಕೊಂಡು, ಹಾಳು ಮಾಡಿದೆನಲ್ಲ ಎಂದು ಗೋಡೆ ಹಿಡಿದು ನಿಂತಿದ್ದೆ. ಆಮೇಲೆ ಆಕೆ ನಿಧಾನವಾಗಿ ಹೇಳಿದರು.

"ನಾನು ಮೂವತ್ತು ವರ್ಷ ಊದುಬತ್ತಿ ಹೊಸ್ದು ಮಗನ್ನ ಸಾಕಿದೋಳು. ಸೊಸೆ ಕೆಲ್ಸಕ್ ಹೋದ್ರೆ ನಂಗೇನಮ್ಮಾ ಕಷ್ಟ. ಅವತ್ತು ನಾನು ಕೇಳಿದ್ದು, ಬೆಳಿಗ್ಗೆ ಅವ್ಳಿಗೂ ಒಂದ್ ಡಬ್ಬಿ ಕಟ್ಬೇಕಾ ಅಂತ ತಿಳ್ಕೊಳಕ್ಕೆ."